ಬಿದ್ದವರನ್ನು ಬೈಯಬೇಡಿ, ಎದ್ದದ್ದು ಯಾಕೆ ಅಂತ ಕೇಳಿ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಮನೆಯ ಹಿರಿಯರು ಬಿದ್ದರು, ಮುಂದೇನು ಮಾಡುವುದು? ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ. ನಾನು ಕುಮಟಾ ಕಡೆಯ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ಮಾತ್ರೆ ಬದಲಿಸುವ ಅಧಿಕಾರ ನನಗಿಲ್ಲ, ಅದು ಡಾಕ್ಟರದು. ಆದರೆ ಯಾರು ಎಷ್ಟು ಹೊತ್ತಿಗೆ, ಎಲ್ಲಿ, ಯಾಕೆ ಬೀಳುತ್ತಾರೆ ಅನ್ನುವುದು ಹಾಸಿಗೆ ಪಕ್ಕ ಇರುವವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ನಮ್ಮ ಆಯಿಗೆ 82 ವರ್ಷ, ಸ್ವಲ್ಪ ಮರೆವು ಇದೆ. ಆರೈಕೆ ಕೇಂದ್ರದಲ್ಲಿದ್ದಾರೆ. ರಾತ್ರಿ ಎರಡು–ಮೂರು ಗಂಟೆಗೆ ಹಾಸಿಗೆಯಿಂದ ಎದ್ದು ಎರಡು ಸಲ ಬಿದ್ದರು. ಈಗ ಕೇಂದ್ರದವರು ‘ರಾತ್ರಿ ಸೊಂಟಕ್ಕೆ ಬಟ್ಟೆ ಕಟ್ಟಿ, ಎರಡೂ ಕಡೆ ಸರಳು ಏರಿಸಿ ಮಲಗಿಸುತ್ತೇವೆ, ಒಪ್ಪಿಗೆ ಬರೆದುಕೊಡಿ’ ಅನ್ನುತ್ತಾರೆ. ಕೊಡಲೋ ಬೇಡವೋ?
— ಓದುಗರು, ಶಿರಸಿ

ಕೊಡಬೇಡಿ.

ಕಟ್ಟಿದರೆ ಬೀಳುವುದಿಲ್ಲ ಅಂತ ಅನ್ನಿಸುವುದು ಸಹಜ. ಆದರೆ ಕಟ್ಟಿದವರು ಸುಮ್ಮನೆ ಮಲಗುವುದಿಲ್ಲ, ಬಿಡಿಸಿಕೊಳ್ಳಲು ಒದ್ದಾಡುತ್ತಾರೆ. ಜಾರಿ ಕೆಳಗೆ ಬಂದಾಗ ಬಟ್ಟೆ ಎದೆಗೋ ಕುತ್ತಿಗೆಗೋ ಬಿಗಿದು ಉಸಿರು ಕಟ್ಟಿದ್ದೂ ಇದೆ. ಅಲುಗಾಡದೆ ಮಲಗಿ ಬೆನ್ನಿಗೆ ಹುಣ್ಣಾಗುತ್ತದೆ. ಕಾಲಿನ ಶಕ್ತಿ ಇಳಿಯುತ್ತದೆ, ಬಿಚ್ಚಿದ ದಿನ ಮೊದಲಿಗಿಂತ ಸುಲಭವಾಗಿ ಬೀಳುತ್ತಾರೆ. ಎರಡೂ ಕಡೆ ಸರಳು ಏರಿಸುವುದೂ ಹಾಗೇ. ಮರೆವು ಇದ್ದವರು ಅದನ್ನು ಹತ್ತಿ ಇಳಿಯಲು ನೋಡುತ್ತಾರೆ. ಆಗ ಬೀಳುವ ಎತ್ತರ ಇನ್ನೂ ಜಾಸ್ತಿ. ಅಮೆರಿಕದಲ್ಲಿ 1987ರಲ್ಲೇ ಕಾನೂನು ಮಾಡಿ, ಸಿಬ್ಬಂದಿಯ ಅನುಕೂಲಕ್ಕೋಸ್ಕರ ನರ್ಸಿಂಗ್ ಹೋಮ್‌ನಲ್ಲಿ ಯಾರನ್ನೂ ಕಟ್ಟುವಂತಿಲ್ಲ ಅಂದರು. ಕಟ್ಟುವುದನ್ನು ಬಿಟ್ಟ ಕಡೆ ಗಂಭೀರ ಗಾಯಗಳು ಹೆಚ್ಚಾಗಲಿಲ್ಲ.

ಈಗ ಮುಖ್ಯ ಪ್ರಶ್ನೆ. ಆಯಿ ಎದ್ದದ್ದು ಯಾಕೆ?

ಯಾರೂ ಸುಮ್ನೆ ಏಳುವುದಿಲ್ಲ. ಮರೆವು ಇದ್ದವರೂ ಅಷ್ಟೇ. ರಾತ್ರಿ ಎರಡು–ಮೂರರ ಹೊತ್ತು ಅಂದರೆ ಹೆಚ್ಚಾಗಿ ಮೂತ್ರಕ್ಕೆ. ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಅದನ್ನು ಎಷ್ಟು ಗಂಟೆಗೆ ಕೊಡುತ್ತಾರೆ ಕೇಳಿ. ಸಂಜೆಗಿದ್ದರೆ ಬೆಳಗ್ಗೆಗೆ ಬದಲಿಸಬಹುದಾ ಅಂತ ಡಾಕ್ಟರ್ ಹತ್ತಿರ ವಿಚಾರಿಸಿ. ಇದ್ದಕ್ಕಿದ್ದ ಹಾಗೆ ರಾತ್ರಿ ಏಳುವುದು ಶುರುವಾಗಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ವಯಸ್ಸಾದವರಿಗೆ ಯೂರಿನ್ ಇನ್ಫೆಕ್ಷನ್ ಆದಾಗ ಜ್ವರ, ಉರಿ ಎರಡೂ ಇಲ್ಲದೆ ಬರೀ ಗೊಂದಲ, ಬೀಳುವುದು ಮಾತ್ರ ಕಾಣಿಸಬಹುದು. ಹೊಟ್ಟೆ ಕಟ್ಟಿದೆಯಾ ಅಂತಲೂ ನೋಡಬೇಕು. ಮಲಬದ್ಧತೆ ಇದ್ದರೆ ಮೂತ್ರದ ಒತ್ತಡವೂ ಜಾಸ್ತಿ.

ಆಮೇಲೆ ಕೇಂದ್ರದವರ ಜೊತೆ ಕೂತು ಮಾತಾಡಿ. ಮಲಗುವ ಮುಂಚೆ ಒಂದು ಸಲ, ಮತ್ತೆ ಒಂದೂವರೆಯ ಸುಮಾರಿಗೆ ಒಂದು ಸಲ, ಅವರೇ ಎಬ್ಬಿಸಿ ಕರೆದುಕೊಂಡು ಹೋಗಲಿ. ಎರಡಕ್ಕೆ ಏಳುವವರನ್ನು ಒಂದೂವರೆಗೆ ಎಬ್ಬಿಸಿದರೆ ಅವಸರ ಇರುವುದಿಲ್ಲ. ಅವಸರ ಇಲ್ಲದಿದ್ದರೆ ಅರ್ಧ ಅಪಾಯ ಕಡಿಮೆ. ಮಂಚ ತಗ್ಗಾಗಿರಲಿ: ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟಬೇಕು, ಮಂಡಿ ಸರಿಯಾಗಿ ಮಡಿಸಬೇಕು. ಬಚ್ಚಲು ದೂರ ಇದ್ದರೆ ರಾತ್ರಿ ಮಾತ್ರ ಕಮೋಡ್ ಕುರ್ಚಿ ಮಂಚದ ಪಕ್ಕ ಬರಲಿ. ಬಚ್ಚಲಿನ ದೀಪ ರಾತ್ರಿಯಿಡೀ ಇರಲಿ.

ಕರೆಗಂಟೆ ಇದೆಯಲ್ಲ, ಅದನ್ನು ಒತ್ತಲಿ ಅಂತ ನೀವು ಹೇಳಬಹುದು. ನಮ್ಮ ಕಡೆಯ ಹಿರಿಯರು ಒತ್ತುವುದಿಲ್ಲ. ‘ಪಾಪ, ಆ ಹುಡುಗಿ ಈಗಷ್ಟೇ ಕೂತಿದ್ದಾಳೆ, ಅವಳಿಗ್ಯಾಕೆ ತೊಂದರೆ’ ಅನ್ನುತ್ತಾರೆ. ಜೀವನ ಪೂರ್ತಿ ಬೇರೆಯವರಿಗೆ ಬಡಿಸಿ, ಬೇರೆಯವರಿಗೆ ನೀರು ಕಾಯಿಸಿಕೊಟ್ಟ ಹೆಂಗಸರಿಗೆ ‘ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗು’ ಅಂತ ಕರೆಯಲು ಬಾಯಿ ಬರುವುದಿಲ್ಲ. ನಮ್ಮ ಭಾಗದಲ್ಲಿ ಹಿರಿಯರನ್ನು ಬೀಳಿಸುವುದರಲ್ಲಿ ಈ ಸಂಕೋಚದ ಪಾಲು ದೊಡ್ಡದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಅವರು ಕರೆಯುವ ತನಕ ಕಾಯಬಾರದು, ನಾವೇ ಹೋಗಿ ಕೇಳಬೇಕು.

ನಮ್ಮಲ್ಲಿ ಘಟ್ಟದ ಮೇಲಿನ ಒಬ್ಬರು ಅಜ್ಜಿ ಇದ್ದರು. ಬೆಳಗಿನ ಜಾವ ನಾಲ್ಕು ಅಂದರೆ ಎದ್ದುಬಿಡುತ್ತಿದ್ದರು. ಕಾಲಿನಿಂದ ತಡವಿ ಚಪ್ಪಲಿ ಹುಡುಕುವುದು, ಸಿಗದಿದ್ದರೆ ಬರಿಗಾಲಲ್ಲೇ ಎದ್ದು ಕಿಟಕಿಯ ಪರದೆ ಹಿಡಿದುಕೊಳ್ಳುವುದು. ಪರದೆ ಭಾರ ತಡೆಯುತ್ತದೆಯೇ? ಅದರ ಸಮೇತ ಕೆಳಗೆ. ಮೂತ್ರಕ್ಕೆ ಇರಬೇಕು ಅಂದುಕೊಂಡು ಕರೆದುಕೊಂಡು ಹೋದರೆ ಅವರಿಗೆ ಬೇಕಾದದ್ದು ಅದಲ್ಲ. ಮಗಳನ್ನು ಕೇಳಿದಾಗ ತಿಳಿಯಿತು: ಮದುವೆಯಾಗಿ ಬಂದಾಗಿನಿಂದ ಆ ಹೊತ್ತಿಗೆ ಎದ್ದು ಕೊಟ್ಟಿಗೆಗೆ ಹೋಗಿ ಹಾಲು ಕರೆದವರು. ಮಲಗಿ ಅಂದರೆ ಹೇಗೆ ಮಲಗಿಯಾರು? ಮಾರನೇ ದಿನದಿಂದ ಮೂರೂಮುಕ್ಕಾಲಿಗೆ ನೈಟ್ ಡ್ಯೂಟಿಯ ಹುಡುಗಿ ಹೋಗಿ ಎಬ್ಬಿಸಿ, ಚಪ್ಪಲಿ ಹಾಕಿಸಿ, ಡ್ಯೂಟಿ ಟೇಬಲ್ ಹತ್ತಿರ ಕೈಯಿರುವ ಕುರ್ಚಿಯಲ್ಲಿ ಕೂರಿಸಿ ಒಂದು ಲೋಟ ಬಿಸಿ ಕಷಾಯ ಕೊಡಲು ಶುರು ಮಾಡಿದಳು. ಮಡಿಸಲು ಒಂದಿಷ್ಟು ಟವೆಲ್ ಕೊಡುತ್ತಿದ್ದಳು. ಆಮೇಲೆ ಆ ಹೊತ್ತಿಗೆ ಅವರು ಬೀಳಲಿಲ್ಲ. ಕಟ್ಟಿದ್ದರೆ ಪ್ರತಿ ದಿನ ನಾಲ್ಕು ಗಂಟೆಗೆ ಕಿರುಚುತ್ತಿದ್ದರು. ಅದಕ್ಕೆ ನಿದ್ದೆ ಮಾತ್ರೆ ಬರುತ್ತಿತ್ತು, ಮಾತ್ರೆಯ ಮಂಪರಿನಲ್ಲಿ ಹಗಲು ಬೀಳುತ್ತಿದ್ದರು. ನಿಮ್ಮ ಆಯಿಯ ದಿನಚರಿ ಏನಿತ್ತು ಅಂತ ಕೇಂದ್ರದವರಿಗೆ ಬರೆದುಕೊಡಿ. ಒಪ್ಪಿಗೆ ಪತ್ರಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ‘ನಮ್ಮ ತಾಯಿ ಬೀಳುವ ಅಪಾಯ ಎಷ್ಟು ಅಂತ ಅಳೆದಿದ್ದೀರಾ?’ ಅಂತ ಕೇಳಿ. ಮೋರ್ಸ್ ಸ್ಕೇಲ್ ಅಂತ ಒಂದಿದೆ, ನರ್ಸ್‌ಗಳು ಐದು ನಿಮಿಷದೊಳಗೆ ತುಂಬುವಂಥದ್ದು. ಮೂರು ತಿಂಗಳೊಳಗೆ ಬಿದ್ದಿದ್ದರೆ 25 ಅಂಕ. ಕೋಲು, ವಾಕರ್ ಹಿಡಿದರೆ 15, ಗೋಡೆ-ಮೇಜು ಹಿಡಿದು ನಡೆದರೆ 30. ಗಮನಿಸಿ, ಗೋಡೆ ಹಿಡಿದು ಹೋಗುವವರಿಗೆ ಕೋಲಿನವರಿಗಿಂತ ಎರಡು ಪಟ್ಟು ಅಪಾಯದ ಅಂಕ. ತನ್ನ ಕೈಲಿ ಎಷ್ಟಾಗುತ್ತದೆ ಅನ್ನುವುದನ್ನು ಮರೆಯುವವರಿಗೆ 15. ಒಟ್ಟು 45 ದಾಟಿದರೆ ಸಾಮಾನ್ಯವಾಗಿ ಹೆಚ್ಚಿನ ಅಪಾಯ ಅಂತ ಲೆಕ್ಕ. ಅಂಕ ಬರೆದು ಫೈಲಿನಲ್ಲಿ ಇಟ್ಟರೆ ಏನೂ ಆಗದು. ಅಂಕ ನೋಡಿ ಏನು ಬದಲಿಸಿದರು ಅನ್ನುವುದನ್ನು ಕೇಳಬೇಕು.

ಅಪ್ಪನಿಗೆ ಬಿ.ಪಿ., ಶುಗರ್ ಎರಡೂ ಇದೆ. ರಾತ್ರಿ ನಿದ್ದೆ ಮಾತ್ರೆಯೂ ತೆಗೆದುಕೊಳ್ಳುತ್ತಾರೆ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಾರೆ. ಬಿ.ಪಿ. ನೋಡಿಸಿದರೆ ನಾರ್ಮಲ್. ಹಾಗಾದರೆ ಏನಿರಬಹುದು?
— ಓದುಗರು, ಕಾರವಾರ

ಕೂತಾಗ ನೋಡಿದ ಬಿ.ಪಿ. ಅದು. ನಿಂತಾಗ ನೋಡಿಸಿ. ಐದು ನಿಮಿಷ ಮಲಗಿಸಿ ಒಂದು ಸಲ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಂದು ಸಲ. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಅದೇ ಕಾರಣ. ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಇರಲಿ.

ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಚೀಟಿ ಸಾಲದು. ಒಬ್ಬರು ಹೃದಯಕ್ಕೆ, ಒಬ್ಬರು ಶುಗರ್‌ಗೆ, ಒಬ್ಬರು ಪ್ರಾಸ್ಟೇಟ್‌ಗೆ ಬರೆದಿರುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯೂ ನಿಂತಾಗ ಬಿ.ಪಿ. ಇಳಿಸುತ್ತದೆ. ಅಲ್ಪ್ರಾಜೋಲಮ್, ಕ್ಲೋನಾಜೆಪಾಮ್ ಜಾತಿಯ ನಿದ್ದೆ ಮಾತ್ರೆಗಳ ಮಂಪರು ವಯಸ್ಸಾದವರಲ್ಲಿ ಬೆಳಗ್ಗೆವರೆಗೂ ಉಳಿಯುತ್ತದೆ. ಆದರೆ ಇದನ್ನು ಓದಿ ನಿದ್ದೆ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಡಿ. ತುಂಬ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ದಿಢೀರ್ ಬಿಡುವುದು ಅಪಾಯ, ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಶುಗರ್ ಇರುವವರಿಗೆ ನಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ. ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತು. ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ ಶುಗರ್ ತೀರಾ ಇಳಿದು ಬೆವರಿ ಬಿದ್ದುಬಿಡುತ್ತಾರೆ. ವ್ರತ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಅವರ ನಂಬಿಕೆ. ವ್ರತದ ದಿನ ಯಾವ ಮಾತ್ರೆ ಎಷ್ಟು ಅನ್ನುವುದನ್ನು ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಂಡು ಅಡುಗೆಮನೆ ಗೋಡೆಗೆ ಅಂಟಿಸಿ.

ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿಸಿ. ಎಚ್ಚರವಾದ ಮೇಲೆ ಮಲಗಿದಲ್ಲೇ ಪಾದ ಹತ್ತಿಪ್ಪತ್ತು ಸಲ ಮೇಲೆ-ಕೆಳಗೆ ಆಡಿಸಲಿ. ಎದ್ದು ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಲಿ. ನಿಂತ ಮೇಲೆ ಕೂಡಲೇ ಹೆಜ್ಜೆ ಇಡದೆ ಮಂಚ ಹಿಡಿದು ಸ್ವಲ್ಪ ನಿಲ್ಲಲಿ.

ನಾನು ಆರೈಕೆ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ, ಅಕ್ಕಾ. ಯಾರಾದರೂ ಬಿದ್ದರೆ ಓಡಿಹೋಗಿ ಎತ್ತಿ ಕೂರಿಸುತ್ತೇವೆ. ಅದು ತಪ್ಪು ಅಂತ ಒಬ್ಬರು ಹೇಳಿದರು. ನಿಜವೇ?
— ಓದುಗಿ, ಹೊನ್ನಾವರ

ನಿಜ ತಂಗಿ. ಓಡಿಹೋಗುವುದು ಸರಿ, ಕಂಕುಳಿಗೆ ಕೈ ಹಾಕಿ ಎತ್ತುವುದು ಬೇಡ.

ಮೊದಲು ನೆಲದ ಮೇಲೆ ಅವರ ಪಕ್ಕ ಕೂರು. ಹೆಸರು ಹಿಡಿದು ಮಾತಾಡಿಸು. ಎಲ್ಲಿ ನೋವು ಕೇಳು. ಎರಡೂ ಕಾಲು ಪಕ್ಕಪಕ್ಕ ನೋಡು. ಒಂದು ಕಾಲು ಗಿಡ್ಡವಾಗಿ, ಪಾದ ಹೊರಗೆ ತಿರುಗಿ ಬಿದ್ದಿದ್ದರೆ ಸೊಂಟದ ಹತ್ತಿರ ತೊಡೆಮೂಳೆ ಮುರಿದಿರುವ ಸಾಧ್ಯತೆ ಜಾಸ್ತಿ. ಅಂಥವರನ್ನು ನಿಲ್ಲಿಸಲೇಬೇಡ. ದಿಂಬು ಕೊಟ್ಟು, ಹೊದಿಕೆ ಹೊದೆಸಿ, 108ಕ್ಕೆ ಫೋನ್ ಮಾಡು. ಆಪರೇಷನ್ ಬೇಕಾಗಬಹುದು, ತಿನ್ನಲು ಏನೂ ಕೊಡಬೇಡ. ಈ ಆಪರೇಷನ್ ಒಂದೆರಡು ದಿನದೊಳಗೆ ಆದಷ್ಟೂ ಒಳ್ಳೆಯದು. ನಮ್ಮ ಜಿಲ್ಲೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕಾಗಿ ಬರುವುದೇ ಹೆಚ್ಚು. ‘ನಾಳೆ ನೋಡೋಣ, ಎಣ್ಣೆ ತಿಕ್ಕೋಣ’ ಅಂತ ಯಾರಾದರೂ ಅಂದರೆ ನೀನು ಗಟ್ಟಿಯಾಗಿ ಬೇಡ ಅನ್ನು.

ತಲೆಗೆ ಪೆಟ್ಟಾಗಿದ್ದರೆ, ಅದೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ವಯಸ್ಸಾದವರಲ್ಲಿ ಮಿದುಳಿನ ಪಕ್ಕ ರಕ್ತ ನಿಧಾನಕ್ಕೆ ಸೇರುತ್ತಾ ಹೋಗಿ ವಾರಗಳಾದ ಮೇಲೂ ತೊಂದರೆ ಕಾಣಿಸಬಹುದು. ತಲೆನೋವು, ಹೊಸದಾಗಿ ತೂಕಡಿಕೆ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಹಳೆಯ ಪೆಟ್ಟನ್ನು ನೆನಪಿಸಿ ಹೇಳು.

ಏನೂ ನೋವಿಲ್ಲ, ತಾನೇ ಏಳುತ್ತೇನೆ ಅನ್ನುವವರಿಗೆ ಗಟ್ಟಿ ಕುರ್ಚಿ ತಂದು ಹತ್ತಿರ ಇಡು. ಪಕ್ಕಕ್ಕೆ ಹೊರಳಲಿ, ಮೊಣಕೈ ಊರಿ ಏಳಲಿ, ಅಂಬೆಗಾಲಿಗೆ ಬರಲಿ. ಎರಡೂ ಕೈ ಕುರ್ಚಿಯ ಮೇಲಿಟ್ಟು, ಶಕ್ತಿ ಇರುವ ಕಾಲಿನ ಪಾದ ಮುಂದೆ ಊರಿ, ಎದ್ದು ಕುರ್ಚಿಗೆ ತಿರುಗಿ ಕೂರಲಿ. ಹಿಂದೆ ಇನ್ನೊಂದು ಕುರ್ಚಿ ಇಟ್ಟರೆ ಮತ್ತೂ ಒಳ್ಳೆಯದು. ನಿನ್ನ ಬೆನ್ನೂ ಉಳಿಯುತ್ತದೆ.

ಕೊನೆಗೆ ಬರೆದಿಡು. ಎಷ್ಟು ಗಂಟೆ, ಎಲ್ಲಿ, ಕಾಲಲ್ಲಿ ಏನಿತ್ತು, ನೆಲ ಒದ್ದೆಯಿತ್ತೇ, ದೀಪ ಇತ್ತೇ, ಏನು ಮಾಡಲು ಹೊರಟಿದ್ದರು. ‘ರೋಗಿ ಬಿದ್ದಿದ್ದಾರೆ, ಗಾಯವಿಲ್ಲ’ ಅಂತ ಒಂದು ಸಾಲು ಬರೆದರೆ ಮುಂದಿನ ಡ್ಯೂಟಿಯವರಿಗೆ ಏನೂ ತಿಳಿಯುವುದಿಲ್ಲ. ಬಿದ್ದ ವಿಷಯ ಮನೆಯವರಿಗೆ ಅದೇ ದಿನ ಹೇಳಬೇಕು. ಬೈಯುತ್ತಾರೆ ಅಂತ ಹೆದರಿ ಮುಚ್ಚಿಟ್ಟರೆ ಎರಡನೇ ಸಲ ಬೀಳುವುದನ್ನು ತಡೆಯಲು ಯಾರಿಗೂ ಆಗುವುದಿಲ್ಲ.

ಸೊಂಟಕ್ಕೆ ಹಾಕುವ ಪ್ಯಾಡ್ ಚಡ್ಡಿ ತರಿಸಬಹುದೇ?
— ಓದುಗರು, ಭಟ್ಕಳ

ಆರೈಕೆ ಕೇಂದ್ರದಲ್ಲಿರುವವರಿಗೆ ಸೊಂಟದ ಮೂಳೆ ಮುರಿಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಹಾಕಿಕೊಂಡರೆ. ಬೀಳುವುದನ್ನು ತಡೆಯುವುದಿಲ್ಲ. ನಮ್ಮ ಕರಾವಳಿಯ ಬೆವರಿನಲ್ಲಿ ಹೆಚ್ಚಿನವರು ಬಿಚ್ಚಿಬಿಡುತ್ತಾರೆ. ಒಂದು ತಂದು ನೋಡಿ, ಹೊಂದಿದರೆ ಮಾತ್ರ ಮತ್ತೆ ತನ್ನಿ.

ನಮ್ಮದು ಹಳೆಯ ಚಿರೇಕಲ್ಲಿನ ಮನೆ. ಅಮ್ಮಮ್ಮ ಜೊತೆಗಿದ್ದಾರೆ. ಮಳೆಗಾಲದಲ್ಲಿ ಅಂಗಳ, ಬಚ್ಚಲು ಎಲ್ಲ ಪಾಚಿ. ಏನೇನು ಮಾಡಬಹುದು?
— ಓದುಗರು, ಅಂಕೋಲಾ

ಅಂಗಳ ಪೂರ್ತಿ ತಿಕ್ಕಲು ಹೋಗಬೇಡಿ, ಆಗುವ ಕೆಲಸ ಅಲ್ಲ. ಅಮ್ಮಮ್ಮ ಓಡಾಡುವ ಹಾದಿ ಯಾವುದು? ಜಗಲಿಯಿಂದ ಬಚ್ಚಲಿಗೆ, ಜಗಲಿಯಿಂದ ತುಳಸಿಕಟ್ಟೆಗೆ, ಅಷ್ಟೇ ಅಲ್ವಾ? ಆ ಹಾದಿಯನ್ನು ಮಾತ್ರ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಶ್‌ನಿಂದ ತಿಕ್ಕಿ ತೊಳೆಯಿರಿ. ಮೆಟ್ಟಿಲಿನ ಅಂಚಿಗೆ, ಹೊಸಿಲಿಗೆ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ಪೊರೆ ಬಂದ ಕಣ್ಣಿಗೆ ಕಪ್ಪು ನೆಲದಲ್ಲಿ ಕಪ್ಪು ಹೊಸಿಲು ಕಾಣುವುದಿಲ್ಲ.

ಬಚ್ಚಲಲ್ಲಿ ಟವೆಲ್ ಹಾಕುವ ಸರಳನ್ನೇ ಹಿಡಿದು ಏಳುತ್ತಾರೆ, ಅದು ಕಿತ್ತು ಬರುತ್ತದೆ. ಹಿಡಿದುಕೊಳ್ಳಲೆಂದೇ ಮಾಡಿದ ಸರಳು ಹಾಕಿಸಿ. ಚಿರೇಕಲ್ಲಿನಲ್ಲಿ ಮಾಮೂಲಿ ಸ್ಕ್ರೂ ಬೇಗ ಸಡಿಲವಾಗುತ್ತದೆ. ಗೋಡೆ ದಾಟಿಸಿ ಬೋಲ್ಟ್ ಹಾಕಿಸಿ, ಇಲ್ಲವೇ ನೆಲದಿಂದಲೇ ಪೈಪ್ ನಿಲ್ಲಿಸಿ. ಹಾಕಿಸಿದ ಮೇಲೆ ನಿಮ್ಮ ಪೂರ್ತಿ ಭಾರ ಬಿಟ್ಟು ಜೋತು ನೋಡಿ. ಎಣ್ಣೆ ಸ್ನಾನ ಮಾಡಿಸುವುದಾದರೆ ಪಾದಕ್ಕೆ ಎಣ್ಣೆ ಹಚ್ಚಬೇಡಿ, ಸ್ನಾನ ಸ್ಟೂಲ್ ಮೇಲೆ ಕೂತೇ ಆಗಲಿ. ಸವೆದ ಹವಾಯಿ ಚಪ್ಪಲಿ ಬಿಸಾಡಿ, ಹಿಮ್ಮಡಿಗೆ ಪಟ್ಟಿ ಇರುವ ಒರಟು ತಳದ ಚಪ್ಪಲಿ ಕೊಡಿಸಿ. ಕರೆಂಟ್ ಹೋಗುವ ಕಾಲ, ದಿಂಬಿನ ಪಕ್ಕ ಬ್ಯಾಟರಿ ಇರಲಿ. ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ಚಾರ್ಜಿಂಗ್ ದೀಪವಾದರೆ ಇನ್ನೂ ಒಳ್ಳೆಯದು.

ಮಾವ ಒಂದು ಸಲ ಬಿದ್ದರು, ಗಾಯ ಏನೂ ಆಗಲಿಲ್ಲ. ಆದರೆ ಈಗ ಹೆದರಿಕೆ, ಕುರ್ಚಿ ಬಿಟ್ಟು ಏಳುವುದೇ ಇಲ್ಲ. ನಾವೂ ‘ಕೂತೇ ಇರಿ’ ಅಂದಿದ್ದೇವೆ. ಸರಿ ತಾನೆ?
— ಓದುಗಿ, ಯಲ್ಲಾಪುರ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ‘ಕೂತೇ ಇರಿ’ ಅನ್ನುವುದನ್ನು ಇವತ್ತಿಂದ ನಿಲ್ಲಿಸಿ. ವಯಸ್ಸಾದವರ ತೊಡೆಯ ಸ್ನಾಯು ಕೂತಷ್ಟೂ ಕರಗುತ್ತದೆ, ಹೆದರಿಕೆ ಕೂತಷ್ಟೂ ಬೆಳೆಯುತ್ತದೆ. ಮುಂದಿನ ಸಲ ಏಳಲೇಬೇಕಾಗಿ ಬಂದಾಗ ಕಾಲು ಕೇಳುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಣಿಸಿ. ಪಕ್ಕದಲ್ಲೇ ನಡೆಯಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ, ಫಿಸಿಯೋಥೆರಪಿಯವರಿಗೆ ತೋರಿಸಿ. ಮನೆಯಲ್ಲಿ ಶುರು ಮಾಡಲು ಎರಡು ವ್ಯಾಯಾಮ ಸಾಕು. ಕೈಯಿರುವ ಕುರ್ಚಿಯನ್ನು ಗೋಡೆಗೆ ತಾಗಿಸಿ, ಐದು ಸಲ ಎದ್ದು ಕೂರುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ದಿನಕ್ಕೆ ಎರಡು ಹೊತ್ತು. ದಿನ ಕಳೆದಂತೆ ಕೈಯ ಆಸರೆ ಕಡಿಮೆ ಮಾಡುತ್ತಾ ಹೋಗಿ.

ಊಟದ ಬಗ್ಗೆಯೂ ಹೇಳಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 60 ಆರೈಕೆ ಕೇಂದ್ರಗಳ ಏಳು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ಎರಡು ವರ್ಷ ಒಂದು ಅಧ್ಯಯನ ಮಾಡಿದರು, 2021ರಲ್ಲಿ ಪ್ರಕಟವಾಯಿತು. ಅರ್ಧ ಕೇಂದ್ರಗಳಲ್ಲಿ ಹಾಲು, ಮೊಸರು, ಚೀಸ್ ಜಾಸ್ತಿ ಕೊಟ್ಟರು. ಅಲ್ಲಿ ಬೀಳುವುದು 11 ಶೇಕಡಾ, ಮೂಳೆ ಮುರಿತ 33 ಶೇಕಡಾ, ಸೊಂಟದ ಮೂಳೆ ಮುರಿತ 46 ಶೇಕಡಾ ಕಡಿಮೆಯಾಯಿತು. ಯಾವ ಯಂತ್ರವೂ ಇಲ್ಲ, ಬರೀ ಊಟ. ನಮ್ಮಲ್ಲಿ ಹಿರಿಯರು ರಾತ್ರಿ ‘ಒಂದು ಹಿಡಿ ಗಂಜಿ ಸಾಕು’ ಅನ್ನುತ್ತಾರೆ, ನಾವೂ ಸರಿ ಅನ್ನುತ್ತೇವೆ. ಗಂಜಿಯ ಜೊತೆ ಗಟ್ಟಿ ಮೊಸರು, ಹೆಸರುಕಾಳಿನ ಪಲ್ಯ, ಮೀನು ತಿನ್ನುವವರಾದರೆ ಮೀನು ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಡಿ ವಿಟಮಿನ್ ಅಂತ ಭಾರಿ ಡೋಸನ್ನು ಒಮ್ಮೆಲೇ ನಿಮ್ಮಷ್ಟಕ್ಕೇ ಕೊಡಬೇಡಿ. ವರ್ಷಕ್ಕೊಂದು ಸಲ ದೊಡ್ಡ ಡೋಸ್ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ಬೀಳುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು.

ನಾನು ಬೆಂಗಳೂರಿನಲ್ಲಿದ್ದೇನೆ. ಅಮ್ಮನನ್ನು ಊರಿನ ಹತ್ತಿರದ ಆರೈಕೆ ಕೇಂದ್ರಕ್ಕೆ ಸೇರಿಸಬೇಕೆಂದಿದ್ದೇನೆ. ಸೇರಿಸುವ ಮುಂಚೆ ಏನು ನೋಡಬೇಕು?
— ಓದುಗಿ, ಮೂಲ ಸಿದ್ದಾಪುರ

ಹಗಲು ಹನ್ನೊಂದಕ್ಕೆ ಒಂದು ಸಲ, ರಾತ್ರಿ ಎಂಟರ ಮೇಲೆ ಒಂದು ಸಲ ಹೋಗಿ. ಹಗಲು ಹೋದಾಗ ಯಾರಾದರೂ ನಡೆಯುತ್ತಿದ್ದಾರಾ ನೋಡಿ. ಎಲ್ಲರೂ ಹಾಸಿಗೆಯಲ್ಲೇ ಇದ್ದರೆ ಅಲ್ಲಿ ಬೀಳುವವರು ಕಡಿಮೆ ಇರಬಹುದು, ಆದರೆ ನಿಮ್ಮ ಅಮ್ಮ ನಡೆಯುವುದನ್ನು ಬೇಗ ಮರೆಯುತ್ತಾರೆ. ಹಿರಿಯರ ಪಾದ ನೋಡಿ, ಚಪ್ಪಲಿ ಅವರವರ ಅಳತೆಯದಾ? ಕನ್ನಡಕ ಮೂಗಿನ ಮೇಲಿದೆಯಾ, ಕಪಾಟಿನಲ್ಲಿದೆಯಾ? ಬಚ್ಚಲಿಗೆ ಹೋಗಿ ನೀವೇ ಕಮೋಡ್ ಮೇಲೆ ಕೂತು ಎದ್ದು ನೋಡಿ, ಕೈಗೆ ಹಿಡಿಯಲು ಏನು ಸಿಗುತ್ತದೆ?

ರಾತ್ರಿ ಹೋದಾಗ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಎಚ್ಚರ ಇರುತ್ತಾರೆ ಕೇಳಿ. ಕಾವಲುಗಾರನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೇಳಿಕೇಳಿ ಒಂದು ಕರೆಗಂಟೆ ಒತ್ತಿ, ಯಾರಾದರೂ ಬರಲು ಎಷ್ಟು ಹೊತ್ತಾಯಿತು ನೋಡಿ. ಆಮೇಲೆ ಇಷ್ಟು ಕೇಳಿ: ‘ಇಲ್ಲಿ ಕೊನೆಯ ಸಲ ಬಿದ್ದವರು ಯಾಕೆ ಬಿದ್ದರು, ಆಮೇಲೆ ನೀವು ಏನು ಬದಲಿಸಿದಿರಿ?’ ‘ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ’ ಅಂದರೆ ಬೇರೆ ಕಡೆ ನೋಡಿ. ‘ಹೋದ ತಿಂಗಳು ಒಬ್ಬರು ಬಚ್ಚಲಲ್ಲಿ ಬಿದ್ದರು, ಆ ಕಮೋಡ್ ತೀರಾ ತಗ್ಗಿತ್ತು, ಎತ್ತರಿಸಿದೆವು, ಬನ್ನಿ ತೋರಿಸುತ್ತೇವೆ’ ಅಂದರೆ ಅವರ ಹತ್ತಿರ ಇನ್ನಷ್ಟು ಹೊತ್ತು ಕೂತು ಮಾತಾಡಿ.